ಡಾಟ್ಸ್ ಕಾರ್ಯಕರ್ತರು

ವೈದ್ಯರು ಬರೆದ ಕ್ಷಯದ ಮಾತ್ರೆಯನ್ನು ರೋಗಿಗೆ ಕಣ್ಣೆದುರೇ ನುಂಗಿಸಿ, ಚಿಕಿತ್ಸಾ ಕಾರ್ಡಿನಲ್ಲಿ ಗುರುತು ಹಾಕುವ ಸಹಾಯಕರು. ಅಮೆರಿಕದ ವೃದ್ಧರ ಶುಶ್ರೂಷಾಲಯಗಳಲ್ಲಿ ನರ್ಸ್ ನಿಗಾದಲ್ಲಿ ಮಾತ್ರೆ ಕೊಡುವ ಔಷಧ ಸಹಾಯಕರಿದ್ದಾರೆ. ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂಥ ಹೋಬಳಿಯಲ್ಲಿ ಅದಕ್ಕೆ ತೀರ ಹತ್ತಿರದ ಕೆಲಸ ಆಶಾ, ಅಂಗನವಾಡಿ ಕಾರ್ಯಕರ್ತೆಯರದು.

ಈ ವ್ಯವಸ್ಥೆಯ ಬೇರು ತುಮಕೂರು ಜಿಲ್ಲೆಯಲ್ಲೂ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕ್ಷಯದ ಸಮೀಕ್ಷೆಗೆ ಆರಿಸಿಕೊಂಡದ್ದು ಈ ಜಿಲ್ಲೆಯ ಹಳ್ಳಿಗಳನ್ನು. ಅದೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಹಳ್ಳಿಯವರಿಗೆ ರೋಗದ ಅರಿವಿಲ್ಲವೆಂಬ ಮಾತನ್ನು ಸುಳ್ಳುಮಾಡಿತು. ಸುಮಾರು ಅರ್ಧದಷ್ಟು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿಯ ಸೀಸೆ. ತಪ್ಪು ರೋಗಿಯದಲ್ಲ, ಆಸ್ಪತ್ರೆಯದು ಎಂದು ಅಂಕಿಅಂಶ ಸಮೇತ ತೋರಿಸಿದ ಈ ಕೆಲಸವನ್ನು ಜಿಲ್ಲೆಯವರು ಹೆಮ್ಮೆಯಿಂದ ನೆನೆಯಬೇಕು.

1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸ್ಯಾನಟೋರಿಯಂ ವಾಸದ ಬದಲು ಮನೆಯಲ್ಲೇ ಚಿಕಿತ್ಸೆಗೆ ಒತ್ತು ಕೊಟ್ಟಿತು. ಆದರೆ ತಿಂಗಳುಗಟ್ಟಲೆ ನುಂಗಬೇಕಿದ್ದ ಮಾತ್ರೆಯನ್ನು ಕೆಮ್ಮು ನಿಂತೊಡನೆ ಬಿಟ್ಟವರು ಬಹಳ. ಅದಕ್ಕೆಂದೇ 1997ರಿಂದ ಎದುರೇ ಮಾತ್ರೆ ನುಂಗಿಸುವ ಡಾಟ್ಸ್ ಪದ್ಧತಿ ಬಂತು. ಒಬ್ಬೊಬ್ಬ ರೋಗಿಗೂ ಪೂರ್ತಿ ಚಿಕಿತ್ಸೆಯ ಮಾತ್ರೆಗಳು ತುಂಬಿದ ಒಂದೊಂದು ಡಬ್ಬ. ಹೊಸ ರೋಗಿಗೆ ಕೆಂಪು, ಮರುಚಿಕಿತ್ಸೆಗೆ ನೀಲಿ ಇರುತ್ತಿತ್ತು. ಆಗ ವಾರಕ್ಕೆ ಮೂರು ದಿನ ಮಾತ್ರೆ ಇತ್ತು. ಮೊದಲ ತಿಂಗಳುಗಳಲ್ಲಿ ಪ್ರತಿ ಸಲವೂ ಎದುರೇ ನುಂಗಬೇಕಿತ್ತು, ಆಮೇಲೆ ವಾರಕ್ಕೊಮ್ಮೆ ಬಂದು ಮಾತ್ರೆಯ ಖಾಲಿ ಪಟ್ಟಿ ತೋರಿಸಬೇಕಿತ್ತು. ತೆಂಗಿನಕಾಯಿ ಸುಲಿದು ದಿನಗೂಲಿಯಲ್ಲಿ ಬದುಕುವವನಿಗೆ ತುರುವೇಕೆರೆಯ ಆಸ್ಪತ್ರೆಗಿಂತ ಪಕ್ಕದ ಬೀದಿಯ ಅಂಗನವಾಡಿ ಎಷ್ಟೋ ಅನುಕೂಲ.

ಕಾರ್ಯಕರ್ತೆಯ ಕೆಲಸಕ್ಕೆ ಗೆರೆಯಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಮಾತ್ರೆಯಿಂದ ಎಂದು ಆಕೆ ಧೈರ್ಯ ಹೇಳಬಹುದು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ವೈದ್ಯಾಧಿಕಾರಿಯ ಬಳಿಗೇ ಕಳಿಸಬೇಕು. ಮಾತ್ರೆ ಬದಲಿಸುವ, ಪ್ರಮಾಣ ಹೆಚ್ಚುಕಡಿಮೆ ಮಾಡುವ ಅಧಿಕಾರ ಆಕೆಗಿಲ್ಲ. 1945ರ ಔಷಧ ನಿಯಮಗಳ ‘ಕೆ’ ಅನುಸೂಚಿ ಸರ್ಕಾರಿ ಆರೋಗ್ಯ ಕಾರ್ಯಕ್ರಮದ ಔಷಧ ಹಂಚುವ ಅಂಗನವಾಡಿ ಕಾರ್ಯಕರ್ತೆಯರಿಗೆ, ಉಪಕೇಂದ್ರದ ಸಿಬ್ಬಂದಿಗೆ ಮಾರಾಟ ಪರವಾನಗಿಯಿಂದ ವಿನಾಯಿತಿ ಕೊಟ್ಟಿದೆ. ವೈದ್ಯರಾಗುವ ಪರವಾನಗಿ ಕೊಟ್ಟಿಲ್ಲ. ಆಕೆಯನ್ನು ‘ಡಾಕ್ಟ್ರಮ್ಮ’ ಎಂದು ಕರೆದು ಬೇರೆ ಕಾಯಿಲೆಗೂ ಮಾತ್ರೆ ಕೇಳುವುದು ಆಕೆಯನ್ನು ಇಕ್ಕಟ್ಟಿಗೆ ಸಿಲುಕಿಸಿದಂತೆ.

2017ರಿಂದ ಮಾತ್ರೆ ಪ್ರತಿದಿನದ್ದಾಯಿತು. 2020ರಲ್ಲಿ ಕಾರ್ಯಕ್ರಮಕ್ಕೆ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮ ಎಂದು ಹೆಸರಾಯಿತು. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಸೀಸೆ ಔಷಧಿ ಹಿಡಿದು ಮನೆಗೆ ಮರಳದೆ, ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.