ಊಟಕ್ಕೆ ಕರೆಯುವ ಬಗೆ: ಹುಣ್ಣಿಮೆಯಿಂದ ಮೊಬೈಲಿನವರೆಗೆ

ಶಾಲೆ ಬಿಟ್ಟ ಮೇಲೆ ಚದುರಿಹೋದ ಗೆಳೆಯ ಗೆಳತಿಯರು ವರ್ಷಕ್ಕೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಒಂದೆಡೆ ಸೇರಿ ಊಟ ಮಾಡುವುದು ಈಗ ಎಲ್ಲ ಊರುಗಳಲ್ಲೂ ಬೆಳೆಯುತ್ತಿರುವ ರೂಢಿ. ಇಂಥ ಊಟಕ್ಕೆ ಅಡಿಗೆ ಮಾಡಿಸುವುದು ಕಷ್ಟವಲ್ಲ. ಜನರನ್ನು ಸೇರಿಸುವುದು ಕಷ್ಟ. ಯಾರನ್ನು ಕರೆಯಬೇಕು, ಯಾವ ದಿನ ಎಲ್ಲರಿಗೂ ಆಗುತ್ತದೆ, ಎಷ್ಟು ಎಲೆ ಹಾಕಬೇಕು, ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು, ನಡೆದದ್ದನ್ನು ಎಲ್ಲಿ ಬರೆದಿಡಬೇಕು ಎಂಬ ಐದು ಪ್ರಶ್ನೆಗಳು ಪ್ರತಿ ಸಲವೂ ಏಳುತ್ತವೆ. ಇವು ಇಂದಿನ ಪ್ರಶ್ನೆಗಳಲ್ಲ. ಇವಕ್ಕೆ ಜನ ಕಂಡುಕೊಂಡ ಉತ್ತರಗಳಿಗೆ ದೊಡ್ಡ ಚರಿತ್ರೆಯೇ ಇದೆ. ಇಂದು ಮೊಬೈಲಿನಲ್ಲಿ ಸಿಗುವ ಹತ್ತಾರು ಸಾಧನಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂದು ಯೋಚಿಸುವವರಿಗೆ ಈ ಚರಿತ್ರೆ ಉಪಯೋಗಕ್ಕೆ ಬರುತ್ತದೆ.

ಚಂದ್ರನೇ ಗೊತ್ತುಮಾಡಿದ ದಿನ

ನಮ್ಮ ನಾಡಿನಲ್ಲಿ ಬೆಳದಿಂಗಳ ಊಟಕ್ಕೆ ಯಾರೂ ದಿನ ಗೊತ್ತುಮಾಡಬೇಕಾಗಿರಲಿಲ್ಲ. ಹುಣ್ಣಿಮೆ ಬಂದರೆ ಅಂಗಳದಲ್ಲೋ ಮಾಳಿಗೆಯ ಮೇಲೋ ಮನೆಮನೆಯ ಬುತ್ತಿ ಬಿಚ್ಚುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯಂದು ಬಂಧುಬಳಗವೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಒಟ್ಟಿಗೆ ಉಣ್ಣುವುದು ಇಂದಿಗೂ ಉಂಟು. ಪಂಚಾಂಗವೇ ಎಲ್ಲರಿಗೂ ಆಮಂತ್ರಣ. ಮದುವೆ ಮುಂಜಿಗಳಿಗಾದರೆ ಮನೆಮನೆಗೆ ಹೋಗಿ ಕರೆಯಬೇಕು. ಅಡಿಗೆ ಆದ ಮೇಲೆ ಇನ್ನೊಮ್ಮೆ ಹುಡುಗರನ್ನು ಕಳಿಸಿ ಕರೆಸಬೇಕು. ಬಂದವರು ಕೊಟ್ಟ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಕರೆ, ಲೆಕ್ಕ, ದಾಖಲೆ ಮೂರೂ ಅಲ್ಲಿ ಇದ್ದವು.

ಚಂದ್ರನನ್ನು ನಂಬಿ ಊಟಕ್ಕೆ ಸೇರಿದ ಇನ್ನೊಂದು ಗುಂಪು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿತ್ತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ನಡೆಯುತ್ತಿದ್ದ ಕೂಟದ ಹೆಸರೇ ಲೂನಾರ್ ಸೊಸೈಟಿ, ಅಂದರೆ ಚಾಂದ್ರ ಕೂಟ. ನಮ್ಮ ವಿಜ್ಞಾನ ಪಾಠಗಳಲ್ಲಿ ಬರುವ ಹೆಸರುಗಳೇ ಅದರ ಸದಸ್ಯರು: ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್, ಆಮ್ಲಜನಕದ ಸಂಶೋಧನೆಯಲ್ಲಿ ಹೆಸರಾದ ಜೋಸೆಫ್ ಪ್ರೀಸ್ಟ್ಲಿ, ಚಾರ್ಲ್ಸ್ ಡಾರ್ವಿನ್ನರ ಅಜ್ಜ ಎರಾಸ್ಮಸ್ ಡಾರ್ವಿನ್. ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೌಲ್ಟನ್‌ರ ಮನೆಯಲ್ಲಿ ಅನೇಕ ಸಲ ಊಟ. ಬೀದಿದೀಪಗಳಿಲ್ಲದ ಕಾಲದಲ್ಲಿ ರಾತ್ರಿ ಮನೆಗೆ ಮರಳಲು ಬೆಳಕು ಬೇಕು. ಆದ್ದರಿಂದ ಹುಣ್ಣಿಮೆಗೆ ಹತ್ತಿರದ ದಿನವನ್ನು ಆರಿಸಿಕೊಂಡಿದ್ದರು. ಮೊದಲು ಭಾನುವಾರ ಸೇರುತ್ತಿದ್ದವರು, ಪ್ರೀಸ್ಟ್ಲಿ ಬಂದ ಮೇಲೆ ಸೋಮವಾರಕ್ಕೆ ಬದಲಾಯಿಸಿದರು. ಅವರು ಚರ್ಚಿನಲ್ಲಿ ಬೋಧಕರು, ಭಾನುವಾರ ಅವರಿಗೆ ಬಿಡುವಿರಲಿಲ್ಲ. ಒಬ್ಬ ಸದಸ್ಯನ ಅಡಚಣೆಗಾಗಿ ಇಡೀ ಕೂಟ ತನ್ನ ದಿನವನ್ನೇ ಬದಲಿಸಿತು ಎಂಬುದು ನೆನಪಿಡಬೇಕಾದ ಸಂಗತಿ.

ಈ ಕೂಟ ನಡಾವಳಿ ಪುಸ್ತಕವನ್ನಾಗಲಿ ಸದಸ್ಯರ ಪಟ್ಟಿಯನ್ನಾಗಲಿ ಇಡಲಿಲ್ಲ. ಅವರವರು ಬರೆದುಕೊಂಡ ಕಾಗದಗಳಿಂದಲೇ ಇತಿಹಾಸಕಾರರು ಅದರ ಕಥೆಯನ್ನು ಹೆಕ್ಕಿ ತೆಗೆಯಬೇಕಾಯಿತು.

ಪಾಳಿಯ ಪದ್ಧತಿಯೂ ಹೀಗೆಯೇ ಬಂತು. 1905ರ ಫೆಬ್ರುವರಿ 23ರಂದು ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಸೇರಿ ಒಂದು ಕೂಟ ಆರಂಭಿಸಿದರು. ಒಂದು ಸಲ ಒಬ್ಬರ ಕಚೇರಿ, ಇನ್ನೊಂದು ಸಲ ಇನ್ನೊಬ್ಬರದು ಎಂದು ಸರದಿಯಂತೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರಾಯಿತು. ಹೊಣೆ ಒಬ್ಬರ ಹೆಗಲ ಮೇಲೆಯೇ ಕೂರದಂತೆ ನೋಡಿಕೊಳ್ಳುವ ಉಪಾಯ ಅದು.

ಕಾರ್ಡು ಮತ್ತು ಫೋನು

ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರ ಜುಲೈ 1ರಂದು. ಬೆಲೆ ಕಾಲಾಣೆ. ದೂರದ ಊರಿನವರನ್ನು ಕರೆಯುವುದು ಬಡವರಿಗೂ ಸಾಧ್ಯವಾಯಿತು. ಉತ್ತರ ಬರೆಯಲು ಇನ್ನೊಂದು ಕಾರ್ಡು ಅಂಟಿಕೊಂಡೇ ಬರುತ್ತಿದ್ದ ಜವಾಬಿ ಕಾರ್ಡು ಎಷ್ಟು ಎಲೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರವಾಗಿತ್ತು. ಕರೆದವರೇ ಉತ್ತರದ ಖರ್ಚನ್ನೂ ಕೊಟ್ಟಿದ್ದಾರೆ, ಬರೆಯದೆ ಇರುವುದು ಹೇಗೆ ಎಂಬ ದಾಕ್ಷಿಣ್ಯ ಅದರಲ್ಲಿತ್ತು.

ಹಳ್ಳಿಗಳಿಗೆ ಟೆಲಿಫೋನು ಬರಲು ಇನ್ನೂ ನೂರು ವರ್ಷ ಬೇಕಾಯಿತು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣವಿಲ್ಲದೆ ನಡೆಯುವ ಸಣ್ಣ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತೆಂಬುದು ಕನ್ನಡಿಗರು ಹೆಮ್ಮೆಪಡುವ ವಿಷಯ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಗೆಳೆಯರನ್ನು ಸೇರಿಸುವವರು ರಾತ್ರಿ ದರ ಇಳಿಯುವುದನ್ನು ಕಾದು, ಚೀಟಿಯಲ್ಲಿ ನಂಬರು ಬರೆದುಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದ ಕಾಲ ಅದು. ಫೋನಿನಲ್ಲಿ ಉತ್ತರ ಕೂಡಲೇ ಸಿಗುತ್ತಿತ್ತು. ಆದರೆ ಹತ್ತು ಜನಕ್ಕೆ ಹತ್ತು ಸಲ ಹೇಳಬೇಕು. ಎಂಟನೆಯವರು ಆ ದಿನ ಆಗದು ಎಂದರೆ ಮೊದಲಿನಿಂದ ಶುರುಮಾಡಬೇಕು.

ಅಂತರಜಾಲದ ಮೊದಲ ಕೂಟಗಳು

ಒಂದೇ ಸಲಕ್ಕೆ ಎಲ್ಲರಿಗೂ ಹೇಳುವ ಅನುಕೂಲ ಇ-ಮೇಲ್‌ನಿಂದ ಬಂತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ವಿಎಸ್‌ಎನ್‌ಎಲ್ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಕೆಲವೇ ವರ್ಷಗಳಲ್ಲಿ ಹೊರನಾಡಿಗೆ ಹೋದ ನಮ್ಮವರು ಇ-ಮೇಲ್ ಗುಂಪುಗಳಲ್ಲಿ ಒಂದಾದರು. ಆಗ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಿದ್ದವರು ಹೆಚ್ಚು. 1998ರಲ್ಲಿ ಬರಹ ತಂತ್ರಾಂಶ ಬಂದ ಮೇಲೆ ಕನ್ನಡ ಲಿಪಿಯಲ್ಲಿ ಬರೆಯುವುದು ಸುಲಭವಾಯಿತು.

1998ರಲ್ಲಿಯೇ ಅಮೆರಿಕದಲ್ಲಿ ಎವೈಟ್ ಎಂಬ ಸೇವೆ ಬಂತು. ಇ-ಮೇಲ್‌ನಲ್ಲಿ ಆಮಂತ್ರಣ ಕಳಿಸಿದರೆ ಬರುವವರು, ಬಾರದವರು, ನೋಡೋಣ ಎನ್ನುವವರು ಮೂರು ಸಾಲಾಗಿ ಕಾಣುತ್ತಿದ್ದರು. ಎಲ್ಲರೂ ಒಂದೊಂದು ತಿನಿಸು ಮಾಡಿ ತರುವ ಪಾಟ್‌ಲಕ್ ಊಟಕ್ಕೆ ಇಂಥ ಪಟ್ಟಿ ಬಹಳ ಅನುಕೂಲ. ಇಲ್ಲದಿದ್ದರೆ ಆರು ಮನೆಯಿಂದ ಚಿತ್ರಾನ್ನವೇ ಬಂದು, ಸಾರು ಯಾರೂ ತಾರದ ಫಜೀತಿಯಾಗುತ್ತದೆ.

ಯಾವ ದಿನ ಎಂಬ ಪ್ರಶ್ನೆಗೆ ಉತ್ತರ ಸ್ವಿಟ್ಜರ್‌ಲೆಂಡಿನಿಂದ ಬಂತು. ಮಿಖಾಯೆಲ್ ನೇಫ್ ಎಂಬ ಕಂಪ್ಯೂಟರ್ ತಜ್ಞರು 2003ರಲ್ಲಿ ಗೆಳೆಯರೊಡನೆ ಒಂದು ಊಟಕ್ಕೆ ದಿನ ಗೊತ್ತುಮಾಡಲು ಪರದಾಡಿ, ಅದಕ್ಕಾಗಿಯೇ ಡೂಡಲ್ ಎಂಬ ಸಾಧನವನ್ನು ಕಟ್ಟಿದರು. 2007ರಲ್ಲಿ ಅದು ಕಂಪನಿಯಾಯಿತು. ಅದರ ತಂತ್ರ ಸರಳ. ನಾಲ್ಕೈದು ದಿನಾಂಕಗಳನ್ನು ಅಡ್ಡಸಾಲಿನಲ್ಲಿ, ಹೆಸರುಗಳನ್ನು ಉದ್ದಸಾಲಿನಲ್ಲಿ ಇಟ್ಟು, ಪ್ರತಿಯೊಬ್ಬರೂ ತಮಗಾಗುವ ದಿನಕ್ಕೆ ಗುರುತು ಹಾಕಬೇಕು. ಹೆಚ್ಚು ಗುರುತು ಬಿದ್ದ ದಿನವೇ ಊಟದ ದಿನ. ಹಾಜರಿ ಪುಸ್ತಕ ನೋಡಿದ ಯಾವ ವಿದ್ಯಾರ್ಥಿಗೂ ಇದು ಹೊಸದಲ್ಲ.

ಅಪರಿಚಿತರನ್ನೂ ಒಂದುಗೂಡಿಸಲು ಹೊರಟದ್ದು ಮೀಟಪ್. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನಲ್ಲಿ ನೆರೆಹೊರೆಯವರು ಪರಸ್ಪರ ಮಾತಾಡತೊಡಗಿದ್ದನ್ನು ಕಂಡ ಸ್ಕಾಟ್ ಹೈಫರ್‌ಮನ್ ತಮ್ಮ ಗೆಳೆಯರೊಡನೆ 2002ರಲ್ಲಿ ಇದನ್ನು ಆರಂಭಿಸಿದರು. ಮೊದಲು ಪುಕ್ಕಟೆಯಾಗಿದ್ದ ಸೇವೆಗೆ 2005ರಲ್ಲಿ ಕೂಟ ನಡೆಸುವವರಿಂದ ತಿಂಗಳ ಶುಲ್ಕ ಕೇಳಿದಾಗ ಅನೇಕ ಗುಂಪುಗಳು ಬಿಟ್ಟುಹೋದವು. ಪುಕ್ಕಟೆ ಸಿಕ್ಕದ್ದು ಮುಂದೆಯೂ ಹಾಗೆಯೇ ಇರುತ್ತದೆಂಬ ಭರವಸೆ ಇಲ್ಲ ಎಂಬುದಕ್ಕೆ ಇದು ಮೊದಲ ಪಾಠ.

ಮುಚ್ಚಿದ ಬಾಗಿಲುಗಳು

ಎರಡನೆಯ ಪಾಠ ಇನ್ನೂ ಕಠಿಣವಾದದ್ದು. 2004ರ ಜನವರಿಯಲ್ಲಿ ಬಂದ ಆರ್ಕುಟ್ ಭಾರತದಲ್ಲಿ ಬಹಳ ಜನಪ್ರಿಯವಾಗಿತ್ತು. ಶಾಲೆಗೊಂದು, ಊರಿಗೊಂದು ಬಳಗ ಅಲ್ಲಿ ಹುಟ್ಟಿಕೊಂಡಿತ್ತು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ನಿಂತುಹೋಯಿತು. 2001ರಿಂದ ನಡೆಯುತ್ತಿದ್ದ ಯಾಹೂ ಗ್ರೂಪ್ಸ್‌ನಲ್ಲಿ ಪತ್ರಗಳು, ಫೋಟೋಗಳು, ಪಟ್ಟಿಗಳು, ಕ್ಯಾಲೆಂಡರ್ ಎಲ್ಲ ಒಂದೇ ಕಡೆ ಇದ್ದವು. 2019ರ ಡಿಸೆಂಬರ್‌ನಲ್ಲಿ ಅಲ್ಲಿದ್ದ ಸಂಗ್ರಹವನ್ನು ತೆಗೆದುಹಾಕಿದರು. 2020ರ ಡಿಸೆಂಬರ್ 15ರಂದು ಸೇವೆಯೇ ಪೂರ್ತಿ ನಿಂತಿತು. ಮೊದಲೇ ಪ್ರತಿ ಇಳಿಸಿಕೊಳ್ಳದ ಗುಂಪುಗಳ ಹಲವು ವರ್ಷಗಳ ನೆನಪು ಅದರೊಂದಿಗೆ ಹೋಯಿತು. ಇತ್ತ ಅರವತ್ತು ವರ್ಷದ ಹಿಂದಿನ ಮದುವೆಯ ಮುಯ್ಯಿ ಪುಸ್ತಕ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಇದೆ.

ವಾಟ್ಸ್‌ಆ್ಯಪ್‌ನ ಕಾಲ

2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್, 2016ರ ನಂತರ ಡೇಟಾ ಅಗ್ಗವಾದಾಗ, ನಮ್ಮ ಹಳ್ಳಿಗಳ ಮನೆಮನೆಗೂ ಬಂತು. ಮೊದಲಿನ ಸಾಧನಗಳಿಗೆಲ್ಲ ಇ-ಮೇಲ್ ವಿಳಾಸ, ಪಾಸ್‌ವರ್ಡ್, ಇಂಗ್ಲಿಷ್ ಬೇಕಿತ್ತು. ಇದಕ್ಕೆ ಮೊಬೈಲ್ ನಂಬರು ಸಾಕು. ಬರೆಯಲು ಬಾರದವರು ಮಾತಿನಲ್ಲೇ ಸಂದೇಶ ಕಳಿಸಬಹುದು. 2022ರ ನವೆಂಬರ್‌ನಲ್ಲಿ ಗುಂಪಿನ ಮಿತಿ 1024 ಜನಕ್ಕೆ ಏರಿತು. ಗುಂಪಿನೊಳಗೇ ಮತ ಹಾಕುವ ಪೋಲ್ ಸೌಲಭ್ಯವೂ ಆಗಲೇ ಬಂತು. 2016ರಲ್ಲಿ ಆರಂಭವಾದ ಯುಪಿಐ ಹಣದ ಪ್ರಶ್ನೆಯನ್ನು ಹಗುರ ಮಾಡಿತು.

ಆದರೂ ತೊಡಕುಗಳಿವೆ. ಶುಭೋದಯದ ಚಿತ್ರಗಳ ನಡುವೆ ಊಟದ ದಿನಾಂಕ ಹೂತುಹೋಗುತ್ತದೆ. ಹೆಬ್ಬೆರಳಿನ ಗುರುತು ಹಾಕಿದವರು ಬರುತ್ತೇವೆ ಎಂದರೋ, ಓದಿದೆವು ಎಂದರೋ ತಿಳಿಯುವುದಿಲ್ಲ. ಸಾಮಾನ್ಯವಾಗಿ ಗುಂಪಿನಲ್ಲಿರುವವರಿಗೆಲ್ಲ ಪರಸ್ಪರರ ನಂಬರು ಕಾಣುವುದರಿಂದ ಕೆಲವು ಸಹಪಾಠಿನಿಯರು ಸೇರಲು ಹಿಂಜರಿಯುತ್ತಾರೆ. ಅವರನ್ನು ಕೇಳದೆ ಸೇರಿಸುವುದು ಸರಿಯಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಸ್ಮಾರ್ಟ್‌ಫೋನ್ ಇಲ್ಲದ ಸಹಪಾಠಿಯ ಮಾತು. ಗುಂಪಿನಲ್ಲಿರುವವರೇ ಬ್ಯಾಚು ಎಂದು ಭಾವಿಸಿದ ದಿನ, ಕೂಲಿಗೆ ಹೋಗುವ ಗೆಳೆಯ, ತೋಟದ ಮನೆಯಲ್ಲಿರುವ ಗೆಳತಿ, ಯಾರೂ ಬೇಡವೆನ್ನದೆಯೇ, ಹೊರಗುಳಿಯುತ್ತಾರೆ. ಹಿಂದೆ ಕರೆಯದೆ ಬಿಟ್ಟರೆ ಅದು ಊರಿಗೇ ತಿಳಿಯುತ್ತಿತ್ತು, ಯಾರಾದರೂ ಕೇಳುತ್ತಿದ್ದರು. ಈಗ ಕರೆಯದೆ ಬಿಟ್ಟದ್ದು ಕರೆಯುವವನಿಗೂ ತಿಳಿಯುವುದಿಲ್ಲ. ಹೊಸ ಸಾಧನಗಳಿಂದ ಬಂದಿರುವ ದೊಡ್ಡ ನಷ್ಟ ಇದೇ.

ಆರಿಸಿಕೊಳ್ಳುವುದು ಹೇಗೆ?

ಈ ಚರಿತ್ರೆಯಿಂದ ನಮ್ಮ ಬ್ಯಾಚುಗಳು ತೆಗೆದುಕೊಳ್ಳಬಹುದಾದ ಕೆಲವು ಮಾತುಗಳಿವೆ.

ಮೊದಲು ಶಾಲೆಯ ದಾಖಲಾತಿಯ ನೆರವಿನಿಂದ ಪೂರ್ತಿ ಬ್ಯಾಚಿನ ಪಟ್ಟಿಯನ್ನು ಕಾಗದದ ಮೇಲೆ ಮಾಡಬೇಕು. ಯಾವ ಸಾಧನ ಎಂಬುದು ಆಮೇಲಿನ ಮಾತು. ಸ್ಮಾರ್ಟ್‌ಫೋನ್ ಇಲ್ಲದವರ ಹೆಸರಿನ ಮುಂದೆ, ಅವರಿಗೆ ಫೋನು ಮಾಡುವ ಅಥವಾ ಮನೆಗೆ ಹೋಗಿ ಹೇಳುವ ಒಬ್ಬರ ಹೆಸರು ಬರೆಯಬೇಕು. ಒಬ್ಬರಿಗೆ ಮೂರು ನಾಲ್ಕು ಮನೆ ಬಂದರೆ ಭಾರವಾಗದು.

ಇಪ್ಪತ್ತು ಜನರೊಳಗಿನ ಗುಂಪಿಗೆ ವಾಟ್ಸ್‌ಆ್ಯಪ್ ಪೋಲ್ ಸಾಕು. ಮೂರು ದಿನಾಂಕ ಕೊಟ್ಟು, ಉತ್ತರಕ್ಕೆ ಗಡುವು ಹೇಳಬೇಕು. ಊಟದ ಸುದ್ದಿಗೆಂದೇ ಬೇರೆ ಗುಂಪು ಮಾಡಿ, ಅಲ್ಲಿ ನಡೆಸುವವರಷ್ಟೇ ಬರೆಯುವಂತೆ ಇಟ್ಟರೆ ಸಂದೇಶ ಹೂತುಹೋಗುವುದಿಲ್ಲ. ಜನ ಹೆಚ್ಚಿದ್ದರೆ ಗೂಗಲ್ ಫಾರ್ಮ್ ಒಳ್ಳೆಯದು. ಎಷ್ಟು ಜನ, ಸಸ್ಯಾಹಾರವೇ, ಸಕ್ಕರೆ ಕಾಯಿಲೆಯವರಿಗೆ ಬೇರೆ ಬೇಕೆ ಎಂದು ಕನ್ನಡದಲ್ಲೇ ಕೇಳಬಹುದು. ಉತ್ತರಗಳು ತಾವಾಗಿಯೇ ಪಟ್ಟಿಯಾಗಿ ಅಡಿಗೆಯವರ ಕೈಗೆ ಕೊಡುವಂತೆ ಸಿಗುತ್ತವೆ. ಹೊರದೇಶದವರೂ ಬರುವುದಿದ್ದರೆ ಡೂಡಲ್‌ನಂಥ ಸಾಧನದಲ್ಲಿ ಬಹಳ ಮೊದಲೇ ದಿನ ಗೊತ್ತುಮಾಡಬೇಕು. ಎಲ್ಲಕ್ಕಿಂತ ಸುಲಭವಾದದ್ದು ಹಳೆಯ ದಾರಿಯೇ: ಊರ ಹಬ್ಬದ ಮರುದಿನ ಅಥವಾ ಪ್ರತಿ ವರ್ಷ ಒಂದೇ ಭಾನುವಾರ ಎಂದು ದಿನವನ್ನು ಖಾಯಂ ಮಾಡಿಬಿಟ್ಟರೆ ಮತ ಕೇಳುವ ಕೆಲಸವೇ ಇಲ್ಲ.

ಹಣಕ್ಕೆ ಇಬ್ಬರು ಹೊಣೆಗಾರರಿರಬೇಕು. ಒಟ್ಟು ಜಮಾ ಖರ್ಚನ್ನು ಗುಂಪಿಗೆ ತಿಳಿಸಬೇಕು. ಆದರೆ ಕೊಟ್ಟವರ, ಕೊಡದವರ ಪಟ್ಟಿಯನ್ನು ಗುಂಪಿನಲ್ಲಿ ಹಾಕಬಾರದು. ಇನ್ನೂರು ರೂಪಾಯಿ ಹೊಂದಿಸಲಾಗದೆ ನಾಚಿ ಮನೆಯಲ್ಲೇ ಉಳಿದವರಿದ್ದರೆ ಆ ಊಟ ಯಾರಿಗೂ ರುಚಿಸದು. ನಡೆಸುವ ಹೊಣೆ ರೋಟರಿಯವರ ಹಾಗೆ ಸರದಿಯಲ್ಲಿ ಬದಲಾಗಬೇಕು. ಗುಂಪಿಗೂ ಫಾರ್ಮಿಗೂ ಇಬ್ಬರಾದರೂ ಒಡೆಯರಿರಬೇಕು. ಒಬ್ಬರ ಫೋನು ಕೆಟ್ಟರೆ ಪಟ್ಟಿಯೂ ಕೆಡಬಾರದು.

ಕೊನೆಯದಾಗಿ, ಪ್ರತಿ ಊಟದ ನಂತರ ದಿನಾಂಕ, ಸ್ಥಳ, ಬಂದವರ ಹೆಸರು, ಅಡಿಗೆ, ಖರ್ಚು, ಅಗಲಿದವರ ನೆನಕೆ ಇಷ್ಟನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಒಂದು ಪುಟ ಬರೆದು, ಒಂದೆರಡು ಫೋಟೋ ಅಂಟಿಸಿ, ವರ್ಷದ ಕೊನೆಗೆ ಅದರ ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಬೇಕು. ಶಾಲೆಯ ವಜ್ರ ಮಹೋತ್ಸವದ ಸಂಚಿಕೆಯನ್ನು ಸಿದ್ಧಪಡಿಸುವವರ ಕಾಲಕ್ಕೆ ಇಂದಿನ ಸಾಧನಗಳಲ್ಲಿ ಎಷ್ಟು ಉಳಿದಿರುತ್ತವೋ ಯಾರೂ ಹೇಳಲಾರರು. ಅವರ ಕೈಗೆ ಈ ಪುಸ್ತಕಗಳು ಸಿಕ್ಕರೆ ನಮ್ಮ ಬ್ಯಾಚುಗಳ ಕಥೆಯನ್ನು ಅವರು ಬರೆಯಬಲ್ಲರು. ಸುವರ್ಣ ಮಹೋತ್ಸವದ ಈ ವರ್ಷದಲ್ಲೇ ಪ್ರತಿ ಬ್ಯಾಚೂ ಅಂಥ ಪುಸ್ತಕವನ್ನು ಆರಂಭಿಸಲಿ, ಅದರ ಮೊದಲ ಪುಟದಲ್ಲಿ ಬ್ಯಾಚಿನ ಎಲ್ಲರ ಹೆಸರೂ ಇರಲಿ.