ಹೃದಯದ ವಿದ್ಯುತ್ ಮಾಪನ: ಶರೀರಕ್ರಿಯಾ ಪ್ರಯೋಗಶಾಲೆಯ ಇತಿಹಾಸ

ಹೃದಯ ಬಡಿಯುವಾಗ ಉಂಟಾಗುವ ವಿದ್ಯುತ್ ಏರಿಳಿತವನ್ನು ಚರ್ಮದ ಮೇಲಿನಿಂದಲೇ ಅಳೆದು ರೇಖೆಯಾಗಿ ದಾಖಲಿಸುವ ವಿಧಾನಕ್ಕೆ ಹೃದಯ ವಿದ್ಯುಲ್ಲೇಖನ ಎಂದು ಹೆಸರು; ಜನರ ಬಾಯಲ್ಲಿ ಇಸಿಜಿ. ಇಂದು ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಯುವ ಈ ಪರೀಕ್ಷೆಯ ತವರು ಶರೀರಕ್ರಿಯಾವಿಜ್ಞಾನದ ಪ್ರಯೋಗಶಾಲೆ. ರೋಗಪತ್ತೆಯ ಯೋಚನೆ ಯಾರ ತಲೆಯಲ್ಲೂ ಇಲ್ಲದಿದ್ದಾಗ ಅಧ್ಯಾಪಕರು ಇದನ್ನು ಮಾಡಿ ತೋರಿಸುತ್ತಿದ್ದರು.

ಪ್ರಾಣಿಗಳ ದೇಹದಲ್ಲಿ ವಿದ್ಯುತ್ ಇದೆಯೆಂಬ ವಾದವನ್ನು 1791ರಲ್ಲಿ ಬೊಲೊನ್ಯಾದ ಲುಯಿಜಿ ಗ್ಯಾಲ್ವಾನಿ ಮುಂದಿಟ್ಟ. ಹೃದಯದ ಪ್ರತಿ ಬಡಿತದ ಜೊತೆಗೂ ವಿದ್ಯುತ್ ಹರಿಯುತ್ತದೆ ಎಂಬುದನ್ನು 1840ರ ದಶಕದಲ್ಲಿ ಕಾರ್ಲೊ ಮಟ್ಟೂಚಿ ತೋರಿಸಿದ. ಅದನ್ನು ಕಣ್ಣಿಗೆ ಕಟ್ಟುವಂತೆ ಮಾಡಿದ ಪ್ರಯೋಗ 1856ರದ್ದು. ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಕೋಲಿಕರ್ ಮತ್ತು ಮ್ಯೂಲರ್ ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದ ಸಮೇತ ಬಿಡಿಸಿಕೊಂಡು, ಆ ನರವನ್ನು ಮಿಡಿಯುತ್ತಿದ್ದ ಹೃದಯವೊಂದರ ಮೇಲೆ ಹಾಸಿದರು. ಹೃದಯ ಸಂಕುಚಿಸುವ ತುಸು ಮೊದಲು ಕಾಲಿನ ಸ್ನಾಯು ಎಗರಿತು. ಕೆಲವೊಮ್ಮೆ ಒಂದೇ ಬಡಿತಕ್ಕೆ ಎರಡು ಸಲ ಎಗರಿತು. ಇಂದಿನ ಇಸಿಜಿಯಲ್ಲಿ ಕ್ಯೂಆರ್‌ಎಸ್ ಮತ್ತು ಟಿ ಎಂದು ಕರೆಯುವ ಅಲೆಗಳ ಸುಳಿವು ಅದರಲ್ಲಿತ್ತು. ಇಷ್ಟು ಕ್ಷಣಿಕವಾದ ಬದಲಾವಣೆಯನ್ನು ಹಿಡಿಯುವ ಚುರುಕು ಆಗಿನ ಗ್ಯಾಲ್ವನೋಮೀಟರುಗಳಿಗೆ ಇರಲಿಲ್ಲ, ಕಪ್ಪೆಯ ನರಕ್ಕೆ ಇತ್ತು.

1870ರ ದಶಕದ ಆರಂಭದಲ್ಲಿ ಗೇಬ್ರಿಯಲ್ ಲಿಪ್‌ಮನ್ ಕ್ಯಾಪಿಲರಿ ಎಲೆಕ್ಟ್ರೋಮೀಟರ್ ರೂಪಿಸಿದ. ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ಪಾದರಸ, ಅದಕ್ಕೆ ತಾಗಿದಂತೆ ಸಲ್ಫ್ಯೂರಿಕ್ ಆಮ್ಲ. ವಿದ್ಯುತ್ ವಿಭವ ಬದಲಾದಂತೆಲ್ಲ ಪಾದರಸದ ಅಂಚು ಸರಿಯುತ್ತಿತ್ತು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಶರೀರಕ್ರಿಯಾ ಪಾಠ ಹೇಳುತ್ತಿದ್ದ ಅಗಸ್ಟಸ್ ವಾಲರ್ ಈ ಉಪಕರಣದಿಂದಲೇ 1887ರಲ್ಲಿ ಮನುಷ್ಯನ ಮೊದಲ ಇಸಿಜಿ ತೆಗೆದ. ಎದೆಗೂ ಬೆನ್ನಿಗೂ ಎಲೆಕ್ಟ್ರೋಡ್ ಕಟ್ಟಿಸಿಕೊಂಡು ಕುಳಿತವನು ಪ್ರಯೋಗಶಾಲೆಯ ಸಹಾಯಕ ಥಾಮಸ್ ಗಾಸ್ವೆಲ್. ಪಾದರಸದ ನೆರಳನ್ನು ಹಿಡಿಯುವ ಛಾಯಾಫಲಕ ಒಂದೇ ವೇಗದಲ್ಲಿ ಸರಿಯಬೇಕಲ್ಲ, ಅದಕ್ಕಾಗಿ ವಾಲರ್ ಅದನ್ನು ಆಟಿಕೆ ರೈಲಿನ ಮೇಲೆ ಕೂರಿಸಿದ.

ವಾಲರ್‌ಗೆ ಜಿಮ್ಮಿ ಎಂಬ ಬುಲ್‌ಡಾಗ್ ಇತ್ತು. ಉಪ್ಪುನೀರು ತುಂಬಿದ ಜಾಡಿಗಳಲ್ಲಿ ಕಾಲಿಟ್ಟು ಅಲುಗದೆ ನಿಲ್ಲುವುದನ್ನು ಅದು ಕಲಿತಿತ್ತು, ಸಭಿಕರೆದುರು ಅದರ ಹೃದಯದ ರೇಖೆಯನ್ನು ತೋರಿಸಲಾಗುತ್ತಿತ್ತು. 1909ರಲ್ಲಿ ರಾಯಲ್ ಸೊಸೈಟಿಯಲ್ಲಿ ನಡೆದ ಇಂಥ ಪ್ರದರ್ಶನ ಬ್ರಿಟಿಷ್ ಸಂಸತ್ತಿನವರೆಗೂ ಹೋಯಿತು. ಇದು ಪ್ರಾಣಿಹಿಂಸೆಯಲ್ಲವೇ ಎಂದು ಸದಸ್ಯರೊಬ್ಬರು ಕೇಳಿದರು. ಸಮುದ್ರದ ನೀರಿನಲ್ಲಿ ಕಾಲಾಡಿಸಿದ ಅನುಭವ ಇದ್ದವರಿಗೆ ಇದು ಅರ್ಥವಾಗುತ್ತದೆ ಎಂಬ ಧಾಟಿಯಲ್ಲಿ ಗೃಹಮಂತ್ರಿ ಉತ್ತರಿಸಿದರು. ಇಷ್ಟೆಲ್ಲ ಪ್ರಚಾರ ಕಂಡರೂ, ಈ ವಿದ್ಯೆ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬರುತ್ತದೆಂದು ಸ್ವತಃ ವಾಲರ್ ನಂಬಿರಲಿಲ್ಲ. ಅವನ ಅಂದಾಜು ತಪ್ಪಾಯಿತಾದರೂ, ಪಾಠದ ಮೇಜಿನ ಮುಂದೆ ನಿಂತವನಿಗೆ ಹಾಗೆ ತೋರಿದ್ದು ಸಹಜವೇ.

ವಾಲರ್‌ನ ಪ್ರದರ್ಶನವನ್ನು 1889ರಲ್ಲಿ ಬಾಸೆಲ್‌ನ ಸಮ್ಮೇಳನದಲ್ಲಿ ಕಂಡವರಲ್ಲಿ ವಿಲೆಮ್ ಐಂಥೋವನ್ ಒಬ್ಬ. ಜಾವಾ ದ್ವೀಪದ ಸೆಮರಾಂಗ್‌ನಲ್ಲಿ ಹುಟ್ಟಿದ ಈತ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾ ಪ್ರಾಧ್ಯಾಪಕ. ಪಾದರಸ ನಿಧಾನ, ಅದು ಬರೆಯುವ ರೇಖೆ ವಕ್ರ. ಐಂಥೋವನ್ ಗಣಿತದಿಂದ ಅದನ್ನು ತಿದ್ದಿ, 1895ರಲ್ಲಿ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನಿಟ್ಟ. ಪ್ರತಿ ಸಲ ಲೆಕ್ಕ ಹಾಕುವ ಗೋಜು ಬೇಡವೆಂದು ಸ್ಟ್ರಿಂಗ್ ಗ್ಯಾಲ್ವನೋಮೀಟರನ್ನು ಕಟ್ಟಿದ: ಬಲವಾದ ವಿದ್ಯುತ್ಕಾಂತದ ನಡುವೆ, ಬೆಳ್ಳಿ ಲೇಪಿಸಿದ ಕ್ವಾರ್ಟ್ಜ್‌ನ ಅತಿ ತೆಳು ಎಳೆ. ಕ್ವಾರ್ಟ್ಜನ್ನು ಕರಗಿಸಿ, ಬಾಣಕ್ಕೆ ಅಂಟಿಸಿ ಬಿಲ್ಲಿನಿಂದ ಹೊಡೆದರೆ ಅಂಥ ಎಳೆ ಸಿಗುತ್ತಿತ್ತು. ಇಡೀ ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ ಬೇಕು. ರೋಗಿಗಳನ್ನು ಅದರ ಬಳಿಗೆ ತರುವಂತಿರಲಿಲ್ಲ. ಹೀಗಾಗಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ಸಂಕೇತವನ್ನು ಪ್ರಯೋಗಶಾಲೆಗೆ ತರಿಸಿಕೊಂಡ. ಮಾರಾಟಕ್ಕೆಂದು ಕೇಂಬ್ರಿಜ್‌ನ ಉಪಕರಣ ಕಂಪನಿ ತಯಾರಿಸಿದ ಮೊದಲ ಯಂತ್ರ 1908ರಲ್ಲಿ ಎಡಿನ್‌ಬರೋದ ಶರೀರಕ್ರಿಯಾ ಪ್ರಾಧ್ಯಾಪಕ ಎಡ್ವರ್ಡ್ ಷೇಫರ್ ಅವರ ಪಾಲಾಯಿತು. ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂತು.

ಮಿಡಿತ ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಒಬ್ಬ ವಿದ್ಯಾರ್ಥಿ. ವೈದ್ಯಕೀಯ ಓದುತ್ತಿದ್ದ ಮಾರ್ಟಿನ್ ಫ್ಲ್ಯಾಕ್ ತನ್ನ ಗುರು ಆರ್ಥರ್ ಕೀತ್ ಜೊತೆ ಸೇರಿ 1907ರಲ್ಲಿ ಸೈನಸ್ ಗಂಟನ್ನು ವರ್ಣಿಸಿದ. ಬಡಿತ ಅಲ್ಲಿಂದಲೇ ಹೊರಡುತ್ತದೆ ಎಂಬುದನ್ನು 1910ರಲ್ಲಿ ಥಾಮಸ್ ಲೂಯಿಸ್ ಮತ್ತು ಸಂಗಡಿಗರು ವಿದ್ಯುತ್ ದಾಖಲೆಯಿಂದ ಖಚಿತಪಡಿಸಿದರು. ಆಮೇಲಿನದು ತಂತ್ರದ ಸುಧಾರಣೆ. 1930ರ ದಶಕದಲ್ಲಿ ಎದೆಯ ಲೀಡ್‌ಗಳು (ಎಲೆಕ್ಟ್ರೋಡುಗಳ ನಡುವಿನ ವಿದ್ಯುತ್ ವ್ಯತ್ಯಾಸ ಅಳೆಯುವ ಜೋಡಣೆಗಳು) ಬಂದವು, 1942ರಲ್ಲಿ ಗೋಲ್ಡ್‌ಬರ್ಗರ್‌ನ ಲೀಡ್‌ಗಳು ಸೇರಿ ಒಟ್ಟು 12 ಆದವು. ಆಂಪ್ಲಿಫೈಯರ್ ಬಂದು ಯಂತ್ರ ಮೇಜಿನ ಮೇಲೆ ಹಿಡಿಯುವಷ್ಟು ಚಿಕ್ಕದಾಯಿತು.

ವಿದ್ಯಾರ್ಥಿಗಳ ಕೈಗೆ ಅದು ಸಿಕ್ಕಿದ್ದು ತಡವಾಗಿ. ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಬಹುಕಾಲ ಕಪ್ಪೆಯ ಹೃದಯ ಮತ್ತು ಕೈಮೋಗ್ರಾಫ್‌ನದೇ ರಾಜ್ಯಭಾರ. ಹೊಗೆಯ ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಸನ್ನೆಯ ತುದಿ ಗೀಚುತ್ತಿತ್ತು, ಗೀಚಿದ್ದು ಅಳಿಸದಂತೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸುತ್ತಿದ್ದರು. ಅಲ್ಲಿ ದಾಖಲಾಗುತ್ತಿದ್ದುದು ಸ್ನಾಯುವಿನ ಎಳೆತ ಮಾತ್ರ. ಅದಕ್ಕೂ ಮೊದಲು ಹಾಯುವ ವಿದ್ಯುತ್ತು ಪುಸ್ತಕದ ಚಿತ್ರವಾಗಿಯೇ ಉಳಿಯುತ್ತಿತ್ತು. 1980ರ ದಶಕದ ಕೊನೆಯಿಂದೀಚೆಗೆ ಕಂಪ್ಯೂಟರಿಗೆ ಜೋಡಿಸುವ ದಾಖಲೆ ಪೆಟ್ಟಿಗೆಗಳು ಬಂದವು. 2019ರಿಂದ ಎಂಬಿಬಿಎಸ್‌ಗೆ ಜಾರಿಯಾದ ಪಠ್ಯಕ್ರಮದಲ್ಲಿ, ಸಹಪಾಠಿಯಂಥ ಸ್ವಯಂಸೇವಕರ ಇಸಿಜಿ ತೆಗೆದು ಅರ್ಥೈಸುವುದು ಕಲಿಯಲೇಬೇಕಾದ ಕೌಶಲಗಳಲ್ಲಿ ಸೇರಿದೆ.

ಪ್ರಾಯೋಗಿಕದ ಕ್ರಮ ಸರಳ. ಸ್ಪಿರಿಟ್‌ನಿಂದ ಚರ್ಮ ಒರೆಸಿ, ಜೆಲ್ಲಿ ಹಚ್ಚಿ, ಕೆಂಪು ತಂತಿಯನ್ನು ಬಲಗೈಗೆ, ಹಳದಿಯನ್ನು ಎಡಗೈಗೆ, ಹಸಿರನ್ನು ಎಡಗಾಲಿಗೆ, ಕಪ್ಪನ್ನು ಬಲಗಾಲಿಗೆ ಜೋಡಿಸುತ್ತಾರೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರ್ ಎತ್ತರ. ಎರಡು ಆರ್ ಅಲೆಗಳ ನಡುವೆ ಕಾಗದದ ನಾಲ್ಕು ದೊಡ್ಡ ಚೌಕ ಇದ್ದರೆ 300ನ್ನು ನಾಲ್ಕರಿಂದ ಭಾಗಿಸಿ, ನಿಮಿಷಕ್ಕೆ 75 ಬಡಿತ ಎನ್ನಬಹುದು. ಮೊದಲ ಮತ್ತು ಮೂರನೆಯ ಲೀಡ್‌ಗಳ ಮೌಲ್ಯ ಕೂಡಿದರೆ ಎರಡನೆಯದರ ಮೌಲ್ಯ ಬರಬೇಕು. ಐಂಥೋವನ್‌ನ ಈ ನಿಯಮವನ್ನು ಅಳತೆಪಟ್ಟಿ ಹಿಡಿದು ತಾಳೆ ನೋಡಬಹುದು. ಉಸಿರು ಎಳೆದಾಗ ಬಡಿತಗಳು ಹತ್ತಿರವಾಗಿ, ಬಿಟ್ಟಾಗ ದೂರವಾಗುವುದು ಎಳೆಯರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದು ರೋಗವಲ್ಲ.

ನಿಜವಾದ ಪಾಠ ಸಿಗುವುದು ಎಡವಟ್ಟುಗಳಿಂದ. ಮೈ ನಡುಗಿದರೆ ರೇಖೆ ತುಂಬ ಮುಳ್ಳು. ಎಲೆಕ್ಟ್ರೋಡ್ ಸಡಿಲವಾದರೆ ಮನೆಯ ಕರೆಂಟಿನ 50 ಹರ್ಟ್ಜ್ ನುಗ್ಗಿ ರೇಖೆ ದಪ್ಪಗಾಗುತ್ತದೆ. ಕೈಗಳ ತಂತಿ ಅದಲುಬದಲಾದರೆ ಮೊದಲ ಲೀಡ್ ಪೂರ್ತಿ ತಲೆಕೆಳಗಾಗಿ, ಹೃದಯ ಬಲಭಾಗದಲ್ಲಿದೆಯೇನೋ ಎಂಬ ಭ್ರಮೆ ಹುಟ್ಟಿಸುತ್ತದೆ. ಇಂಥ ತಪ್ಪನ್ನು ಒಮ್ಮೆ ಬೇಕೆಂದೇ ಮಾಡಿಸಿ ತೋರಿಸುವುದು ಹತ್ತು ಉಪನ್ಯಾಸಗಳಿಗಿಂತ ಮೇಲು.

ತರಗತಿಯ ಉಪಕರಣದ ಫಿಲ್ಟರುಗಳು ಎಸ್‌ಟಿ ಭಾಗದ ಆಕಾರವನ್ನೇ ಬದಲಿಸಬಲ್ಲವು. ಆದ್ದರಿಂದ ಅಲ್ಲಿ ತೆಗೆದ ರೇಖೆ ಕಲಿಕೆಗಷ್ಟೇ. ಸಹಪಾಠಿಯ ರೇಖೆಯಲ್ಲಿ ಅನುಮಾನ ಕಂಡರೆ ಗಾಬರಿಪಡಿಸದೆ, ವೈದ್ಯರ ಬಳಿ 12 ಲೀಡ್‌ಗಳ ಇಸಿಜಿ ಮಾಡಿಸಬೇಕು.