ಮಧುನಾಶಿನಿ

ಎಕ್ಕದ ಕುಟುಂಬಕ್ಕೆ ಸೇರಿದ ಕಾಡುಬಳ್ಳಿ; ವೈಜ್ಞಾನಿಕ ಹೆಸರು ಜಿಮ್ನೀಮಾ ಸಿಲ್ವೆಸ್ಟ್ರೆ. ಹಸಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಮುಕ್ಕಿದಂತಿರುತ್ತದೆ: ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನು ಕೆಲಕಾಲ ತಡೆಯುತ್ತವೆ. ಇವು ಕರುಳು ಗ್ಲೂಕೋಸ್ ಹೀರುವುದನ್ನೂ ತಗ್ಗಿಸುತ್ತವೆ ಎಂದು ಪ್ರಾಣಿಪ್ರಯೋಗಗಳು ಸೂಚಿಸಿವೆ.

1990ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವೊಂದರಲ್ಲಿ ಟೈಪ್ 2 ಮಧುಮೇಹದ 22 ಮಂದಿ, ಮಾಮೂಲಿ ಮಾತ್ರೆಗಳ ಜೊತೆಗೆ ದಿನಕ್ಕೆ 400 ಮಿ.ಗ್ರಾಂ. ಎಲೆಸಾರವನ್ನು 18–20 ತಿಂಗಳು ಸೇವಿಸಿದರು. ರಕ್ತದ ಸಕ್ಕರೆ ಇಳಿಯಿತು. ಐವರು ಮಾತ್ರೆಯನ್ನೇ ಬಿಡುವಂತಾಯಿತು. ಭರವಸೆ ಹುಟ್ಟಿಸುವ ಫಲಿತಾಂಶ ನಿಜ, ಆದರೆ ಇಷ್ಟು ಸಣ್ಣ ಗುಂಪಿನ ಬಲದಿಂದ ಇದನ್ನು ಔಷಧವೆಂದು ಸಾರುವುದು ತಪ್ಪು. ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಇದರ ಪುಡಿ ಸೇವಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.